26 ವೇಷ, ಆರು ತಿಂಗಳು: ಹಾಸನದಲ್ಲಿ ಹುಡುಗರಿಗೆ ರಂಗದುಡುಪು ಕಲಿಸಿದ ಅನುಭವ

ನಾಟಕ ಮುಗಿದ ರಾತ್ರಿ ಹದಿನಾಲ್ಕು ನಟರ ಮೈಯಿಂದ ಇಳಿದ 26 ವೇಷಗಳನ್ನು ಎಣಿಸಿ, ಬೆವರು ಆರಲೆಂದು ಹಗ್ಗದ ಮೇಲೆ ಹರವಿ ಮನೆಗೆ ಬಂದಾಗ ಗಂಟೆ ಒಂದು ಮೀರಿತ್ತು. ಜೂನ್ ಮೊದಲ ವಾರ ಹಿಡಿದ ಕೆಲಸ ನವೆಂಬರ್ ಕೊನೆಗೆ ಮುಗಿಯಿತು. ಹವ್ಯಾಸಿ ರಂಗತಂಡಗಳಿಗೆ ಇಪ್ಪತ್ತು ವರ್ಷಗಳಿಂದ ವೇಷ ಹೊಲಿದುಕೊಟ್ಟಿರುವ ನನಗೆ ಸೂಜಿ ದಾರ ಹೊಸದಲ್ಲ. ಆದರೆ 16ರಿಂದ 22 ವರ್ಷದೊಳಗಿನ ಒಂಬತ್ತು ಮಂದಿಯನ್ನು ಕೂರಿಸಿಕೊಂಡು, ಒಂದು ನಾಟಕದ ಅಷ್ಟೂ ಉಡುಪನ್ನು ಅವರ ಕೈಯಿಂದಲೇ ಯೋಚಿಸಿ, ಕತ್ತರಿಸಿ, ಹೊಲಿಸಿದ್ದು ಇದೇ ಮೊದಲು. ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು ನಾನು ಎರಡು ಮೂರು ಜನರನ್ನು ವಿಚಾರಿಸಿದ್ದೆ, ಹೇಳಿಕೊಡುವವರು ಸಿಗಲಿಲ್ಲ. ಆದ್ದರಿಂದ ನೆನಪು ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ.

ನಾಟಕ ಹೊಸದು, ನಮ್ಮೂರಿನ ಅಧ್ಯಾಪಕರೊಬ್ಬರು ಬರೆದದ್ದು. ಹೊಯ್ಸಳರ ಕಾಲದ ಒಂದು ಕಲ್ಲುಕುಟಿಗರ ಕುಟುಂಬ, ಒಬ್ಬ ದಂಡನಾಯಕ, ಇಬ್ಬರು ನರ್ತಕಿಯರು, ಕಡಲಾಚೆಯಿಂದ ಬಂದ ಒಬ್ಬ ಕುದುರೆ ವ್ಯಾಪಾರಿ, ಕೆಲವು ಸೈನಿಕರು, ಬರದಿಂದ ಊರು ಬಿಟ್ಟವರು ಅದರ ಪಾತ್ರಗಳು. ನಮ್ಮ ಕಡೆ ಪೌರಾಣಿಕ ನಾಟಕಕ್ಕೆ ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಬಾಡಿಗೆಗೆ ತರುವುದು ರೂಢಿ. ಈ ನಾಟಕಕ್ಕೆ ಅವು ಒಗ್ಗುವುದಿಲ್ಲವೆಂದು ನಿರ್ದೇಶಕರು ಹೇಳಿದಾಗ, ಹಾಗಾದರೆ ಹುಡುಗರಿಗೆ ಕಲಿಸಿಯೇ ಮಾಡಿಸೋಣ ಎಂದು ನಾನು ಒಪ್ಪಿಕೊಂಡೆ. ಬಂದ ಒಂಬತ್ತು ಮಂದಿಯಲ್ಲಿ ಆರು ಹುಡುಗಿಯರು, ಮೂವರು ಹುಡುಗರು. ಇಬ್ಬರಿಗೆ ಮಾತ್ರ ಹೊಲಿಗೆ ಯಂತ್ರ ತುಳಿದು ಗೊತ್ತಿತ್ತು.

ಮೊದಲ ಐದು ವಾರ ಹೋದದ್ದು ಕಾಗದಪತ್ರಗಳಿಗೆ. ನಮ್ಮ ತಂಡ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೂ, ವರ್ಷವರ್ಷ ಸಲ್ಲಿಸಬೇಕಾದ ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ಎರಡು ವರ್ಷದಿಂದ ಸಲ್ಲಿಸಿರಲಿಲ್ಲ. ನೆರವು ಕೊಡುವುದಾಗಿ ಹೇಳಿದ್ದ ಒಂದು ಸಂಸ್ಥೆ ನೋಂದಣಿ ಪತ್ರ, ನವೀಕರಣದ ಪ್ರತಿ, ಪ್ಯಾನ್, ಲೆಕ್ಕಪರಿಶೋಧಕರು ಸಹಿ ಮಾಡಿದ ಆಯವ್ಯಯ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಸಭೆಯ ಠರಾವಿನ ಪ್ರತಿ, ಇಷ್ಟನ್ನೂ ಕೇಳಿತು. ಅದನ್ನೆಲ್ಲ ಸರಿಪಡಿಸುವಷ್ಟರಲ್ಲಿ ಜುಲೈ ಅರ್ಧ ಕಳೆದಿತ್ತು. ಇಂಥ ಶಿಬಿರ ಮಾಡಬೇಕೆಂದಿರುವವರು ಹುಡುಗರನ್ನು ಸೇರಿಸುವ ಮೊದಲು ಈ ಕಡತವನ್ನು ಒಮ್ಮೆ ತೆರೆದು ನೋಡಬೇಕು. ಬಿಲ್ಲುಗಳ ವಿಷಯದಲ್ಲಿಯೂ ಅಷ್ಟೇ. ಅಂಗಡಿಯವರು ಚೀಟಿಯ ಮೇಲೆ ಬರೆದುಕೊಟ್ಟ ಲೆಕ್ಕ ನಡೆಯುವುದಿಲ್ಲ. ಸಂಘದ ಹೆಸರಿನಲ್ಲಿ ಜಿಎಸ್‌ಟಿ ಬಿಲ್ಲನ್ನೇ ಕೇಳಿ ಪಡೆಯಬೇಕು. ನಮ್ಮದು 7,000 ರೂಪಾಯಿಗೂ ಹೆಚ್ಚಿನ ಖರ್ಚು ಈ ಒಂದು ಕಾರಣಕ್ಕೆ ಲೆಕ್ಕದಿಂದ ಹೊರಗುಳಿಯಿತು.

ಇನ್ನೊಂದು ಕಾಗದದ ಬಗ್ಗೆ ನಾನು ಬಹಳ ಒತ್ತಿ ಹೇಳುತ್ತೇನೆ. 18 ತುಂಬದ ನಾಲ್ವರಿದ್ದರು. ಅವರ ತಂದೆ ತಾಯಿಯರಿಂದ ಒಪ್ಪಿಗೆ ಪತ್ರ ಬರೆಸಿಕೊಂಡೆವು; ಅದರಲ್ಲಿ ದಿನ, ವೇಳೆ, ಮನೆಗೆ ಮರಳುವ ಹೊತ್ತು, ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ, ಬಣ್ಣ ಅಥವಾ ಅಂಟಿನ ವಾಸನೆ ಆಗದವರಿದ್ದರೆ ಆ ವಿವರ, ಎಲ್ಲವೂ ಇದ್ದವು. ಅಳತೆ ತೆಗೆಯುವುದಕ್ಕೂ ನಿಯಮ ಮಾಡಿಕೊಂಡೆವು: ಹುಡುಗಿಯರ ಅಳತೆಯನ್ನು ಹುಡುಗಿಯರೇ ತೆಗೆಯಬೇಕು, ಕೋಣೆಯಲ್ಲಿ ಯಾವಾಗಲೂ ಮೂವರು ಇರಬೇಕು, ಅಳತೆಯ ಪುಸ್ತಕದಲ್ಲಿ ಹೆಸರಿನ ಬದಲು ಪಾತ್ರದ ಸಂಖ್ಯೆ ಇರಬೇಕು. ಹದಿಹರೆಯದವರು ತಮ್ಮ ಮೈಯ ಬಗ್ಗೆ ಎಷ್ಟು ಸಂಕೋಚ ಪಡುತ್ತಾರೆಂಬುದು ಟೇಪು ಹಿಡಿದು ನಿಂತಾಗ ಮಾತ್ರ ತಿಳಿಯುತ್ತದೆ. ಸೊಂಟದ ಸುತ್ತಳತೆಯನ್ನು ಗಟ್ಟಿಯಾಗಿ ಕೂಗಿ ಹೇಳುವ ದರ್ಜಿ ಅಂಗಡಿಯ ಪದ್ಧತಿಯನ್ನು ನಾನು ಮೊದಲ ದಿನವೇ ಬಿಟ್ಟೆ.

ಜುಲೈ ಪೂರ್ತಿ ಬಟ್ಟೆ ಮುಟ್ಟಿಸಲಿಲ್ಲ. ನಾಟಕವನ್ನು ಮೂರು ಸಲ ಓದಿಸಿದೆ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಎಡಕ್ಕೆ ನಟರು, ಮೇಲಕ್ಕೆ ದೃಶ್ಯಗಳು, ಅಡ್ಡ ಉದ್ದ ಗೆರೆ ಕೂಡಿದ ಮನೆಯಲ್ಲಿ ಯಾರು ಏನು ಉಟ್ಟಿರುತ್ತಾರೆ ಎಂದು ಬರೆಸಿದೆ. ಹುಡುಗರಿಗೆ ಬೇಸರವಾಯಿತು, ಹೊಲಿಗೆ ಕಲಿಯಲು ಬಂದವರಿಗೆ ಇದೇನು ಪಾಠ ಎಂದು ಒಬ್ಬಳು ಮುಖ ಸಪ್ಪಗೆ ಮಾಡಿದಳು. ಆದರೆ ಆ ಹಾಳೆಯನ್ನು ತುಂಬುವಾಗಲೇ ನಾಲ್ಕನೆಯ ದೃಶ್ಯದ ಕಲ್ಲುಕುಟಿಗ ಐದನೆಯ ದೃಶ್ಯಕ್ಕೆ ಸೈನಿಕನಾಗಿ ಬರಬೇಕೆಂದೂ, ನಡುವೆ ಅವನಿಗೆ ಇರುವುದು 40 ಸೆಕೆಂಡು ಮಾತ್ರವೆಂದೂ ಅವರೇ ಕಂಡುಹಿಡಿದರು. ಅಂದಿನಿಂದ ಆ ಹಾಳೆಗೆ ಬೆಲೆ ಬಂತು.

ಆಗಸ್ಟ್ ಮೊದಲ ಭಾನುವಾರ ಹಳೇಬೀಡಿಗೆ ಕರೆದುಕೊಂಡು ಹೋದೆ. ಹೊಯ್ಸಳರ ಆಭರಣ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬೇಲೂರಿನ ಮದನಿಕೆಯರು. ಆದರೆ ಅವರು ಇರುವುದು ಸೂರಿನ ಕೆಳಗೆ, ತಲೆಯೆತ್ತಿ ನೋಡುವ ಎತ್ತರದಲ್ಲಿ. ಕತ್ತು ನೋಯುತ್ತದೆ, ಚಿತ್ರ ಬರೆಯಲಾಗುವುದಿಲ್ಲ. ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಶಿಲ್ಪಗಳು ಕಣ್ಣಿನ ಮಟ್ಟಕ್ಕೆ ಹತ್ತಿರ ಇವೆ, ಬಾಗಿಲ ದ್ವಾರಪಾಲಕರ ಮೈಮೇಲಿನ ಒಡವೆಗಳನ್ನಂತೂ ಒಂದೊಂದಾಗಿ ಎಣಿಸಬಹುದು. ಕಲಿಯುವವರನ್ನು ಮೊದಲು ಅಲ್ಲಿಗೆ, ಆಮೇಲೆ ಬೇಲೂರಿಗೆ ಕರೆದೊಯ್ಯುವುದು ಒಳ್ಳೆಯದು. ಪುಸ್ತಕ, ಪೆನ್ಸಿಲ್, ಮೊಬೈಲಿಗೆ ತಡೆಯಿಲ್ಲ. ಟ್ರೈಪಾಡ್ ಇಟ್ಟು ಚಿತ್ರ ತೆಗೆಯಬೇಕಿದ್ದರೆ ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು.

ಒಬ್ಬೊಬ್ಬರಿಗೆ ಒಂದೇ ಒಂದು ಒಡವೆ ಆರಿಸಿಕೊಳ್ಳಲು ಹೇಳಿದ್ದೆ. ಐಟಿಐ ಓದುವ ಹುಡುಗನೊಬ್ಬ ಸೊಂಟದ ಡಾಬಿನ ಮುಂದೆ ಎರಡು ಗಂಟೆ ಕೂತ. ಅದರಿಂದ ಇಳಿಬಿದ್ದ ಮಣಿಸರಗಳು ಎಲ್ಲಿ ಗಂಟು ಹಾಕಿಕೊಂಡಿವೆ, ಯಾವ ಸರ ಯಾವುದರ ಮೇಲೆ ಹಾದಿದೆ ಎಂಬುದನ್ನು ಬೆರಳು ಗಾಳಿಯಲ್ಲಿ ಆಡಿಸುತ್ತಾ ಗುರುತು ಮಾಡಿಕೊಂಡು, ಕೊನೆಗೆ, “ಅಕ್ಕಾ, ಇದು ಕಟ್ಟಿದ್ದಲ್ಲ, ಕೊಕ್ಕೆ ಹಾಕಿದ್ದು” ಎಂದ. ನೋಡಿದರೆ ನಿಜವಾಗಿಯೂ ಪಕ್ಕದಲ್ಲಿ ಕೊಕ್ಕೆಯಂಥ ಒಂದು ಆಕಾರವಿತ್ತು. ಬಳಪದ ಕಲ್ಲು ಇಷ್ಟು ಸೂಕ್ಷ್ಮವನ್ನು ಹಿಡಿದಿಟ್ಟಿದೆಯಾದರೂ ಅದು ಬಣ್ಣವನ್ನು ಹೇಳುವುದಿಲ್ಲ, ಬಟ್ಟೆ ತೆಳುವೋ ದಪ್ಪವೋ ಎಂಬುದನ್ನೂ ಪೂರ್ತಿ ಹೇಳುವುದಿಲ್ಲ. ಆದ್ದರಿಂದ ಬಣ್ಣಗಳನ್ನು ನಾವೇ ತೀರ್ಮಾನಿಸಬೇಕಾಯಿತು. ಮಂಜಿಷ್ಠದ ಬೇರಿನ ಕೆಂಪು, ನೀಲಿ, ಅರಿಸಿನ, ಕಂದು, ಬಿಳುಪು ಮಾಡದ ಕೋರಾ ಬಟ್ಟೆಯ ಸಹಜ ಬಣ್ಣ, ಇವಿಷ್ಟರ ಎಲ್ಲೆ ದಾಟಬಾರದು ಎಂದು ಹುಡುಗರೇ ಗೊತ್ತುಮಾಡಿದರು. ಅದ್ದಲು ಬಳಸಿದ್ದು ಅಂಗಡಿಯ ಪೊಟ್ಟಣದ ಬಣ್ಣವೇ. ಅರಿಸಿನವನ್ನು ಪ್ರಯತ್ನಿಸಿದೆವು, ಎರಡು ದಿನದ ಬಿಸಿಲಿಗೆ ಮಾಸಿತು.

ಶಿಲ್ಪದ ನರ್ತಕಿಯರಿಗೆ ಎದೆಯ ಮೇಲೆ ಒಡವೆಗಳೇ ಹೆಚ್ಚು. ನರ್ತಕಿಯ ಪಾತ್ರದ ಹುಡುಗಿಯೊಬ್ಬಳ ತಾಯಿ ಬಂದು, “ನಮ್ಮ ಮಗು ರಂಗದ ಮೇಲೆ ಹೆಂಗೆ ಬತ್ತಾಳೆ ಮೇಡಂ?” ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿತ್ತು. ಕುಪ್ಪಸ ಎಂಬ ಮಾತು ನಮ್ಮ ಹಳಗನ್ನಡದಲ್ಲಿಯೇ ಇದೆಯೆಂದು ತೋರಿಸಿ, ಕುತ್ತಿಗೆ ಮುಚ್ಚಿದ, ಅರ್ಧತೋಳಿನ, ಕಂದು ಬಣ್ಣದ ಸರಳ ಕುಪ್ಪಸದ ಮೇಲೆ ಒಡವೆಗಳನ್ನು ಕೂರಿಸುವುದಾಗಿ ಚಿತ್ರ ಬರೆದು ಕೊಟ್ಟೆವು. ಆ ತಾಯಿ ಕೊನೆಯ ಪ್ರದರ್ಶನದವರೆಗೂ ನಮಗೆ ಊಟ ತಂದುಕೊಟ್ಟರು.

ಇನ್ನು ಬಟ್ಟೆಯ ವಿಷಯ. ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಿನ ಅಂಗಡಿಗಳಲ್ಲಿ ವಿಚಾರಿಸಿ 110 ಮೀಟರ್ ಕೋರಾ ಬಟ್ಟೆ ಕೊಂಡೆವು, ಮೀಟರಿಗೆ 68 ರೂಪಾಯಿ. ಮಳೆಗಾಲ. ನೆನೆಸಿ ಒಣಗಿಸಲು ಬಿಸಿಲಿಲ್ಲವೆಂದು, ಮೊದಲು ಕತ್ತರಿಸಿ ಹೊಲಿದು ಆಮೇಲೆ ಬಣ್ಣಕ್ಕೆ ಹಾಕೋಣ ಎಂಬ ಹುಡುಗರ ಮಾತಿಗೆ ನಾನೂ ತಲೆಯಾಡಿಸಿದೆ. ಅದು ನನ್ನ ತಪ್ಪು. ಬಣ್ಣದ ಬಿಸಿನೀರಿನಿಂದ ಹೊರಬಂದ ಬಟ್ಟೆ ಮೀಟರಿಗೆ ಆರೇಳು ಸೆಂಟಿಮೀಟರ್ ಕುಗ್ಗಿತ್ತು; ಕುಪ್ಪಸದ ಹುಕ್ಕುಗಳು ಕೂಡಲಿಲ್ಲ. ಬಟ್ಟೆಯೊಳಗಿನ ಗಂಜಿ ಹೋಗದಿದ್ದ ಕಡೆ ಬಣ್ಣ ಹಿಡಿಯದೆ ಮಚ್ಚೆ ಮಚ್ಚೆಯಾಯಿತು. ಕೋರಾ ಬಟ್ಟೆಯನ್ನು ವಾಷಿಂಗ್ ಸೋಡ ಹಾಕಿದ ನೀರಿನಲ್ಲಿ ಕುದಿಸಿ, ಗಂಜಿ ತೆಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಳತೆ ಹಾಕಬೇಕು. ಮಳೆ ಬಂದರೆ ಕಾಯಬೇಕು, ಬೇರೆ ದಾರಿಯಿಲ್ಲ. ಕೆಟ್ಟ ಏಳು ಕುಪ್ಪಸಗಳಲ್ಲಿ ನಾಲ್ಕನ್ನು ಪಕ್ಕಕ್ಕೆ ಪಟ್ಟಿ ಕೊಟ್ಟು ಉಳಿಸಿಕೊಂಡೆವು. ಮಚ್ಚೆಯಾದ ಧೋತ್ರಗಳು ಮಾತ್ರ ಕಲ್ಲುಕುಟಿಗರಿಗೆ ಹೇಳಿ ಮಾಡಿಸಿದಂತಿದ್ದವು, ಅವುಗಳಿಗೆ ಇನ್ನಷ್ಟು ಟೀ ಡಿಕಾಕ್ಷನ್ ಹಾಕಿ ಮಾಸಲು ಮಾಡಿದೆವು.

ಸೆಪ್ಟೆಂಬರಿನಲ್ಲಿ ನಡೆದದ್ದನ್ನು ಬರೆಯಲು ಇಂದಿಗೂ ಮನಸ್ಸು ಹಿಂಜರಿಯುತ್ತದೆ. ಡಾಬಿನ ಮುಂದೆ ಕೂತಿದ್ದ ಆ ಐಟಿಐ ಹುಡುಗ ಸೈನಿಕನ ಒಂದು ಮೇಲಂಗಿಯನ್ನು ಹೊಲಿದಿದ್ದ. ಭುಜದ ಹೊಲಿಗೆ ಸೊಟ್ಟವಾಗಿತ್ತು, ಒಂದು ಕಡೆ ನೆರಿಗೆ ಹಿಡಿದಿತ್ತು. ಮರುದಿನ ನಿರ್ದೇಶಕರು ನೋಡಲು ಬರುವವರಿದ್ದರು. ಎಲ್ಲರೂ ಹೋದ ಮೇಲೆ ನಾನು ಆ ಹೊಲಿಗೆಯನ್ನು ಬಿಚ್ಚಿ, ಅರ್ಧ ಗಂಟೆಯಲ್ಲಿ ನೇರ ಮಾಡಿ ಮತ್ತೆ ಹೊಲಿದಿಟ್ಟೆ. ಬೆಳಿಗ್ಗೆ ಅವನು ಅಂಗಿಯನ್ನು ಕೈಗೆತ್ತಿಕೊಂಡು, ಭುಜದ ಒಳಭಾಗವನ್ನು ತಿರುವಿ, ದಾರದ ಮೇಲೆ ಹೆಬ್ಬೆರಳು ಆಡಿಸಿದ. ನಾನು ಬಳಸಿದ್ದ ದಾರ ಒಂದು ಛಾಯೆ ಕಡು ಬಣ್ಣದ್ದು. ಅವನು ಏನೂ ಕೇಳಲಿಲ್ಲ. ನಿರ್ದೇಶಕರು ಅಂಗಿಯನ್ನು ಹೊಗಳಿದಾಗ ತಲೆ ತಗ್ಗಿಸಿ ನಿಂತಿದ್ದ. ಮಾರನೆಯ ದಿನದಿಂದ ಬರಲಿಲ್ಲ.

ನಾಲ್ಕು ದಿನ ಕಾದು ಅವನ ಮನೆಗೆ ಹೋದೆ. ಬಿಚ್ಚಿದ್ದು ನಾನೇ ಎಂದು ಒಪ್ಪಿಕೊಂಡೆ. “ಹೇಳಿದ್ರೆ ನಾನೇ ಬಿಚ್ತಿದ್ದೆ ಅಕ್ಕಾ” ಎಂದಷ್ಟೇ ಅವನು ಹೇಳಿದ್ದು. ಅವನ ತಾಯಿ ಕಾಫಿ ಕೊಟ್ಟರು. ನನಗೆ ಗಂಟಲಿನಲ್ಲಿ ಇಳಿಯಲಿಲ್ಲ. ಅಂದು ಸಂಜೆ ವಾಪಸು ಬಂದು ಲೆಕ್ಕದ ಪುಸ್ತಕ ತೆಗೆದು, ಉಳಿದ ಎಲ್ಲ ವೇಷಗಳಿಗೂ ಬೇಕಾದ ಬಟ್ಟೆಯ ಮೇಲೆ ನಾಲ್ಕನೆಯ ಒಂದು ಪಾಲು ಹೆಚ್ಚಿಗೆ ಸೇರಿಸಿದೆ. ದಿನಗಳ ಲೆಕ್ಕದಲ್ಲಿಯೂ ವಾರಕ್ಕೆ ಒಂದು ದಿನವನ್ನು ಬಿಚ್ಚಿ ಹೊಲಿಯುವುದಕ್ಕೆಂದೇ ಮೀಸಲಿಟ್ಟೆ. ಕಲಿಯುವವರು ಬಟ್ಟೆ ಕೆಡಿಸಿಯೇ ಕೆಡಿಸುತ್ತಾರೆ. ಅದಕ್ಕೆ ಬಟ್ಟೆ, ದಿನ, ದುಡ್ಡು ಮೊದಲೇ ತೆಗೆದಿಡದಿದ್ದರೆ ಕಲಿಸುವವರು ಗಾಬರಿಯಾಗಿ ಅವರ ಕೈಯಿಂದ ಕತ್ತರಿ ಕಿತ್ತುಕೊಳ್ಳುತ್ತಾರೆ. ನಾನು ಮಾಡಿದ್ದು ಅದನ್ನೇ.

ಆ ಮೀಸಲು ಬೇಗನೆ ಕೆಲಸಕ್ಕೆ ಬಂತು, ಆದರೆ ಸಾಲಲಿಲ್ಲ. ಕುದುರೆ ವ್ಯಾಪಾರಿಯ ನಿಲುವಂಗಿಗೆ ದಪ್ಪನೆಯ ಕಡುಗೆಂಪು ಬಟ್ಟೆ ತಂದಿದ್ದೆವು. ಬೇಲೂರು ಕಡೆಯ ಹುಡುಗಿಯೊಬ್ಬಳು ಅದನ್ನು ಕತ್ತರಿಸುವಾಗ ಬಟ್ಟೆಯನ್ನು ಮಡಿಸದೆ, ಒಂದೇ ಪದರದ ಮೇಲೆ ಒಂದೇ ಕಾಗದದ ಮಾದರಿಯನ್ನು ತಿರುವಿ ಹಾಕದೆ ಎರಡು ಸಲ ಇಟ್ಟು ಕತ್ತರಿಸಿದ್ದರಿಂದ, ಎರಡೂ ಎಡತೋಳುಗಳಾದವು. ಉಳಿದ ತುಂಡಿನಲ್ಲಿ ಪೂರ್ತಿ ತೋಳು ಬರುವಂತಿರಲಿಲ್ಲ. ಹಾಸನದಲ್ಲಿ ಆ ಬಟ್ಟೆ ಮುಗಿದಿತ್ತು. ಇಬ್ಬರನ್ನು ಕರೆದುಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಚಿಕ್ಕಪೇಟೆಯಲ್ಲಿ ದಿನವಿಡೀ ಹುಡುಕಿದೆವು. ಅದೇ ಬಟ್ಟೆ ಸಿಕ್ಕಿತು. ಅಂಗಡಿಯ ದೀಪದಲ್ಲಿ ಬಣ್ಣವೂ ಅದೇ ಎನ್ನಿಸಿತು. ಊರಿಗೆ ಬಂದು ಹಗಲಿನಲ್ಲಿ ಜೋಡಿಸಿ ನೋಡಿದರೆ ಇದು ಬೇರೆ ಸಲ ಅದ್ದಿದ ಸರಕು, ಛಾಯೆ ಬೇರೆ. ಬಣ್ಣ ಹೊಂದಿಸುವವರು ತುಂಡನ್ನು ಅಂಗಡಿಯ ಹೊರಗೆ ಬೆಳಕಿಗೆ ಹಿಡಿದೇ ನೋಡಬೇಕು.

ಮೂರು ದಿನ ಆ ಹುಡುಗಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಮೊಬೈಲಿನಲ್ಲಿ ಒಂದು ಚಿತ್ರ ತಂದು ತೋರಿಸಿದಳು. ಮಧ್ಯಯುಗದ ಅರಬ್ ನಿಲುವಂಗಿಗಳಲ್ಲಿ ತೋಳಿನ ಮೇಲ್ಭಾಗದಲ್ಲಿ ಅಕ್ಷರಗಳನ್ನು ನೇಯ್ದ ಪಟ್ಟಿ ಇರುತ್ತಿತ್ತು, ಅದನ್ನು ತಿರಾಜ್ ಎನ್ನುತ್ತಾರೆ. ಹಳೆಯ ಬಟ್ಟೆಯ ಎರಡು ತುಂಡುಗಳನ್ನು ತೋಳಿನ ನಡುವೆ ಜೋಡಿಸಿ, ಜೋಡಣೆಯ ಮೇಲೆ ಅಂಥ ಪಟ್ಟಿ ಕೂರಿಸಿದರೆ ಆಗುತ್ತದೆಯೇ ಎಂದು ಕೇಳಿದಳು. ಆಯಿತು. ನಾವು ಮೊದಲು ಬರೆದಿದ್ದ ಚಿತ್ರದಲ್ಲಿ ಆ ಪಟ್ಟಿಯೇ ಇರಲಿಲ್ಲ. ಅವಳು ಎರಡೂ ತೋಳಿಗೆ ಚಿನ್ನದ ಬಣ್ಣದ ದಾರದಲ್ಲಿ ಕೈಯಾರೆ ಕಸೂತಿ ಹಾಕಿದಳು. ಹನ್ನೊಂದು ದಿನ ಹಿಡಿಯಿತು.

ಅಕ್ಟೋಬರಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರು ಜನರಿಂದ ತುಂಬಿ, ಹಳ್ಳಿಯಿಂದ ಬರುವ ಹುಡುಗರಿಗೆ ಬಸ್ಸು ಸಿಗುವುದು ಕಷ್ಟವಾಯಿತು. ಅದರ ಬೆನ್ನಿಗೇ ದೀಪಾವಳಿ. ಬಟ್ಟೆಯ ಅಂಚು ಎಳೆ ಬಿಡದಂತೆ ಓವರ್‌ಲಾಕ್ ಮಾಡಿಕೊಡುತ್ತೇನೆಂದಿದ್ದ ದರ್ಜಿ ಹಬ್ಬದ ಹೊಲಿಗೆ ಮುಗಿಯುವವರೆಗೆ ಮುಟ್ಟುವುದಿಲ್ಲ ಎಂದರು. ಈ ಊರಿನಲ್ಲಿ ಕೆಲಸ ಮಾಡುವವರು ಆ ಹದಿನೈದು ದಿನಗಳನ್ನು ಲೆಕ್ಕದಿಂದ ತೆಗೆದೇ ಬಿಡಬೇಕು. ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಸಭಾಂಗಣಗಳು ಮೊದಲೇ ಗೊತ್ತಾಗಿರುತ್ತವೆ. ಆರು ತಿಂಗಳ ಮೊದಲು ಕಾಯ್ದಿರಿಸಿದ್ದರಿಂದ ನಮಗೆ ತಿಂಗಳ ಕೊನೆಯ ಎರಡು ದಿನ ಸಿಕ್ಕವು.

ಹಬ್ಬದ ಆ ಬಿಡುವಿನಲ್ಲಿ ಒಡವೆಗಳಾದವು. ಚನ್ನರಾಯಪಟ್ಟಣದ ಕಡೆ ನಾಟಕದ ಸಾಮಾನು ಬಾಡಿಗೆ ಕೊಡುವ ಹಿರಿಯರೊಬ್ಬರ ಬಳಿ ಎಲ್ಲರನ್ನೂ ಕರೆದೊಯ್ದೆ. ಹಳೆಯ ಒಂದು ಭುಜಕೀರ್ತಿಯನ್ನು ಹುಡುಗಿಯ ಕೈಗೆ ಕೊಟ್ಟು, “ಹಿಡ್ಕಂಡು ಅರ್ಧ ಗಂಟೆ ನಿಂತ್ಕೋ ಮಗಾ, ಆಮೇಲೆ ಮಾಡೂವಂತೆ” ಎಂದರು. ಕೈ ಸೋತ ಮೇಲೆ ಯಾರೂ ಲೋಹದ ಮಾತೆತ್ತಲಿಲ್ಲ. ನಾವು ಫೋಮ್ ಹಾಳೆ, ಹುರಿ, ಹುಣಸೆಬೀಜ, ರಟ್ಟು ಬಳಸಿದೆವು. ಫೋಮ್ ಬಣ್ಣವನ್ನು ಕುಡಿದುಬಿಡುತ್ತದೆ, ಆದ್ದರಿಂದ ನೀರು ಬೆರೆಸಿದ ಫೆವಿಕಾಲನ್ನು ಮೂರು ಸಲ ಬಳಿದು ಒಣಗಿಸಬೇಕು. ನೇರವಾಗಿ ಚಿನ್ನದ ಬಣ್ಣ ಬಳಿದರೆ ದೂರದಿಂದ ಹಳದಿ ತಟ್ಟೆಯಂತೆ ಕಾಣುತ್ತದೆ. ಮೊದಲು ಕಪ್ಪು, ಒಣಗಿದ ಮೇಲೆ ಚಿನ್ನ, ಕೊನೆಗೆ ತೆಳುವಾದ ಕಂದು ಬಣ್ಣ ಬಳಿದು ತಕ್ಷಣ ಒರೆಸಿದರೆ ಕಂದು ಸಂದುಗಳಲ್ಲಿ ಮಾತ್ರ ಉಳಿದು ಕೆತ್ತನೆ ಎದ್ದು ಬರುತ್ತದೆ. ಡಾಬನ್ನು ಆ ಹುಡುಗನೇ ಮಾಡಿದ, ಪಕ್ಕಕ್ಕೆ ಕೊಕ್ಕೆ ಇಟ್ಟು.

ಬೆಳಕಿನ ಕೆಳಗೆ ವೇಷಗಳನ್ನು ನೋಡಲು ನಮಗೆ ಪ್ರದರ್ಶನದ ಹಿಂದಿನ ರಾತ್ರಿ ಮಾತ್ರ ಸಭಾಂಗಣ ಸಿಕ್ಕಿತು. ರಾತ್ರಿಯ ದೃಶ್ಯದ ನೀಲಿ ಬೆಳಕಿನಲ್ಲಿ ದಂಡನಾಯಕನ ಕೆಂಪು ಉತ್ತರೀಯ ಕಪ್ಪಾಗಿ ಕಂಡಿತು. ಅದಕ್ಕೆ ಹಳದಿ ಅಂಚು ಹಚ್ಚಲು ಇಬ್ಬರು ಬೆಳಗಿನ ಮೂರರವರೆಗೆ ಕೂತರು. ಬಣ್ಣ ಆರಿಸುವ ದಿನವೇ ದೀಪದವರನ್ನು ಕರೆದು, ಬಟ್ಟೆಯ ತುಂಡುಗಳ ಮೇಲೆ ನೀಲಿ, ಹಳದಿ ಹಾಳೆಗಳ ಬೆಳಕು ಬಿಟ್ಟು ನೋಡಿದ್ದರೆ ಆ ರಾತ್ರಿಯ ನಿದ್ದೆ ಉಳಿಯುತ್ತಿತ್ತು. 40 ಸೆಕೆಂಡಿನ ಬದಲಾವಣೆಗೆ ಕಚ್ಚೆಯ ನೆರಿಗೆಗಳನ್ನು ಮೊದಲೇ ಹೊಲಿದು ಸೊಂಟಪಟ್ಟಿಗೆ ವೆಲ್ಕ್ರೋ ಹಾಕಿದ್ದೆವು. ವೇಳೆಯೇನೋ ಸಾಕಾಯಿತು, ಆದರೆ ರಂಗದ ಮೇಲೆ ಸಾವಿನ ಮೌನವಿದ್ದಾಗ ಪಕ್ಕದಿಂದ ವೆಲ್ಕ್ರೋ ಪರ್ರೆಂದು ಕಿತ್ತ ಸದ್ದು ಸಭಾಂಗಣದ ಕೊನೆಯ ಸಾಲಿಗೂ ಕೇಳಿಸಿತು. ಬೆಳಿಗ್ಗೆ ಅದನ್ನೆಲ್ಲ ಕಿತ್ತು ದೊಡ್ಡ ಟಿಚ್ ಬಟನ್ ಹಾಕಿದರು. ನಾನು ಪಕ್ಕದಲ್ಲಿ ಇಸ್ತ್ರಿ ಮಾಡುತ್ತಾ ಕೂತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಪ್ರದರ್ಶನಗಳು ಚೆನ್ನಾಗಿ ಆದವು. ಎರಡನೆಯ ದಿನ ಒಬ್ಬ ನರ್ತಕಿಯ ಕಾಲಂದುಗೆ ಕಳಚಿತು, ಅವಳು ಅದನ್ನು ನಾಟ್ಯದ ಭಂಗಿಯಲ್ಲಿಯೇ ಎತ್ತಿಕೊಂಡಳು.

ಖರ್ಚಿನ ವಿವರ ಕೇಳುವವರಿಗಾಗಿ: ನಾವು ಅಂದಾಜು ಮಾಡಿದ್ದು 48,000 ರೂಪಾಯಿ, ಆದದ್ದು 61,400. ಬಟ್ಟೆಗೆ 23,600, ಬಣ್ಣ ಮತ್ತು ಸೋಡಕ್ಕೆ 4,900, ಒಡವೆಯ ಸಾಮಾನಿಗೆ 11,200, ಯಂತ್ರಗಳ ಬಾಡಿಗೆ, ರಿಪೇರಿ, ಸೂಜಿ ದಾರಕ್ಕೆ 5,700, ಓಡಾಟ ಮತ್ತು ಊಟಕ್ಕೆ 12,800, ಒಗೆತ ಇಸ್ತ್ರಿಗೆ 3,200. ಅಂದಾಜಿನಲ್ಲಿ ನಾವು ಮರೆತದ್ದು ಹುಡುಗರ ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಊಟ. ನೆರವಿನ ಹಣ ಇನ್ನೂ ಕೈಸೇರಿಲ್ಲ; ಅಷ್ಟರಲ್ಲಿ ಕೈಯಿಂದ ಹಾಕಲು ಒಂದಿಷ್ಟು ಇಟ್ಟುಕೊಂಡೇ ಹೊರಡಬೇಕು.

ಒಂಬತ್ತು ಮಂದಿಯಲ್ಲಿ ಇಬ್ಬರು ನಡುವೆ ಬಿಟ್ಟರು, ಒಬ್ಬರಿಗೆ ಪರೀಕ್ಷೆ, ಇನ್ನೊಬ್ಬರಿಗೆ ಮನೆಯ ಕೆಲಸ. ತಿರಾಜ್ ಪಟ್ಟಿ ಹಾಕಿದ ಹುಡುಗಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದಾಳೆ. ಅದರ ಮಾಹಿತಿ ತರಿಸಿಕೊಟ್ಟಿದ್ದೇನೆ.

ಈ ವಾರ ವೇಷಗಳನ್ನೆಲ್ಲ ಒಗೆದು, ನೆರಳಿನಲ್ಲಿ ಒಣಗಿಸಿ, ಒಳಗಿನಿಂದ ಪಾತ್ರದ ಸಂಖ್ಯೆಯ ಚೀಟಿ ಹೊಲಿದು, ಬೇವಿನ ಎಲೆ ಹಾಕಿ ಎರಡು ಟ್ರಂಕುಗಳಲ್ಲಿ ಇಟ್ಟೆವು. ಯಾರು ಯಾವುದನ್ನು ಕತ್ತರಿಸಿದರು, ಯಾರು ಹೊಲಿದರು ಎಂದು ಪುಸ್ತಕದಲ್ಲಿ ದಾಖಲಿಸಿದೆವು. ಸೈನಿಕನ ಮೇಲಂಗಿಯ ಸಾಲು ಬಂದಾಗ ಐಟಿಐ ಹುಡುಗ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ಕತ್ತರಿಸಿದ್ದು ಎಂಬಲ್ಲಿ ತನ್ನ ಹೆಸರು ಬರೆದ. ಹೊಲಿದದ್ದು ಎಂಬಲ್ಲಿ ತನ್ನ ಹೆಸರಿನ ಕೆಳಗೆ ನನ್ನದನ್ನೂ ಬರೆದು, ಪಕ್ಕದಲ್ಲಿ ‘ಭುಜ ಮಾತ್ರ’ ಎಂದು ಸೇರಿಸಿದ.